ಕುಶಾಲಪ್ಪ ಮಾವ ಸತ್ತ ಸಿನಿಮಾ

ದೀಕ್ಷಾ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ, ಹಳೆಯ ಪಂಚೆಯ ತುಂಡಿನಿಂದ ಬಣ್ಣ ಒರೆಸುತ್ತಿದ್ದಳು. ಎಣ್ಣೆ, ಪೌಡರು, ಬೆವರು ಮೂರೂ ಸೇರಿದ ಆ ವಾಸನೆ ಅಡುಗೆಮನೆಯವರೆಗೆ ಬಂತು. ನಾನು ಸೌಟು ಕೆಳಗಿಟ್ಟು ಗೋಡೆ ಹಿಡಿದು ನಿಂತೆ. ಅದು ನನ್ನ ಕುಶಾಲಪ್ಪ ಮಾವನ ವಾಸನೆ. ಎಷ್ಟೋ ವರ್ಷಗಳಿಂದ ಅದು ನನ್ನ ಮೂಗಿಗೆ ಬಂದಿರಲಿಲ್ಲ. ದೀಕ್ಷಾ ನನ್ನ ಮಗಳ ಮಗಳು, ಮಂಗಳೂರಿನಲ್ಲಿ ಸಿನಿಮಾದ ಕೆಲಸ ಮಾಡುತ್ತಾಳೆ. ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಒಂದು ಸಿನಿಮಾದಲ್ಲಿ ಕತ್ತರಿಸಿ ಜೋಡಿಸುತ್ತಾಳೆ, ಇನ್ನೊಂದರಲ್ಲಿ ಉದ್ದ ಕೋಲಿನ ತುದಿಗೆ ಮೈಕು ಕಟ್ಟಿ ಹಿಡಿಯುತ್ತಾಳೆ, ಜನ ಸಾಲದೆ ಹೋದರೆ ತಾನೇ ಬಣ್ಣ ಹಚ್ಚಿ ನಿಲ್ಲುತ್ತಾಳೆ. ಈ ಸಲ ಕೊಲ್ಲಮೊಗ್ರಿನಲ್ಲಿ ಶೂಟಿಂಗ್ ಇತ್ತು, ಮಲಗಲು ಸುಳ್ಯಕ್ಕೆ, ನಮ್ಮ ಮನೆಗೇ ಬರುತ್ತಿದ್ದಳು. ಪೂರಾ ಹತ್ತು ದಿನ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಂತೋಷವನ್ನು ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ಉಕ್ಕಿದ್ದನ್ನು ಉಕ್ಕಿದ ಹಾಗೆಯೇ ಬರೆಯುತ್ತೇನೆ, ನೀವು ಸುಧಾರಿಸಿಕೊಳ್ಳಿ. ನಿಮ್ಮ ಮನೆಯಲ್ಲೂ ಹೀಗೆ ಒಬ್ಬರು ಇದ್ದಿರಬಹುದು, ಹೆಸರು ಹೇಳಿದರೆ ಈಗ ಯಾರಿಗೂ ಗುರುತು ಸಿಗದವರು.

ನಮ್ಮ ಮನೆ ಇದ್ದದ್ದು ಕಡಬದಲ್ಲಿ, ಅಪ್ಪನ ಚಹಾದ ಹೋಟೆಲಿನ ಹಿಂದೆ. ಎದುರಿಗೆ ನಾಲ್ಕು ಬೆಂಚು, ಹಿಂದೆ ಎರಡು ಕೋಣೆ, ನಡುವೆ ಹೊಗೆ ಹಿಡಿದ ಒಂದು ಬಾಗಿಲು. ಗೋಳಿಬಜೆ ಕರಿಯುವ ಸದ್ದಿಗೆ ನಾನು ಕಣ್ಣು ಬಿಡುತ್ತಿದ್ದೆ, ಲೋಟ ತೊಳೆಯುವ ಸದ್ದಿಗೆ ನಿದ್ದೆ ಹೋಗುತ್ತಿದ್ದೆ. ಅಮ್ಮನ ಅಮ್ಮ, ದೇವಮ್ಮಜ್ಜಿ, ನಮ್ಮ ಜೊತೆಯಲ್ಲೇ ಇದ್ದು ಬೆಳಗಿನಿಂದ ರುಬ್ಬುವ ಕಲ್ಲಿನ ಮುಂದೆ ಕೂತಿರುತ್ತಿದ್ದರು. ಅವರ ಒಬ್ಬನೇ ಮಗ ಕುಶಾಲಪ್ಪ ಮಾವ. ಮಾವ ಮೊದಲು ಪುತ್ತೂರಿನ ಒಂದು ಟಾಕೀಸಿಗೆ ಮೈದಾ ಅಂಟು ಕಾಯಿಸಿ ಗೋಡೆಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದರಂತೆ. ಆಮೇಲೆ ಒಂದು ನಾಟಕದ ಕಂಪೆನಿಯಲ್ಲಿ ಪರದೆ ಎಳೆದರು. ಅಲ್ಲಿಂದ ಮದ್ರಾಸು. ಅಲ್ಲಿ ದೀಪ ಹೊತ್ತರು, ಬಣ್ಣದ ಪೆಟ್ಟಿಗೆ ಹೊತ್ತರು, ನಾಯಕಿಗೆ ಕೊಡೆ ಹಿಡಿದರು, ರಾಜನ ಹಿಂದೆ ಈಟಿ ಹಿಡಿದು ನಿಂತರು, ಕುದುರೆಯಿಂದ ಬಿದ್ದರು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ ಉಳಿದಿರುತ್ತಿತ್ತು. ನಾನು ಎಣ್ಣೆ ಹಚ್ಚಿ ಒರೆಸಿ ಕೊಡುತ್ತಿದ್ದೆ.

ಮಾವ ಬಂದರೆ ಹೋಟೆಲಿನ ಬೆಂಚು ತುಂಬುತ್ತಿತ್ತು. "ಅಲ್ಲಿ ಯಾರೂ ಒಂದೇ ಕೆಲಸ ಹಿಡ್ಕೊಂಡು ಕೂತುಕೊಳ್ಳುದಿಲ್ಲ ಮಾರಾಯ್ರೆ" ಎಂದು ಮಾತು ಸುರು ಮಾಡುತ್ತಿದ್ದರು. ಈಗ ದೊಡ್ಡ ಡೈರೆಕ್ಟರ್ ಆದವರು ಮೊದಲು ಸೆಟ್ಟಿಗೆ ಮೊಳೆ ಹೊಡೆಯುವ ಆಚಾರಿಯಾಗಿದ್ದರಂತೆ. ಮರ ಸುತ್ತಿ ಹಾಡಿದ ನಾಯಕಿ ಹತ್ತು ವರ್ಷ ಕಳೆದು ಅದೇ ನಾಯಕನಿಗೆ ತಾಯಿಯಾದಳಂತೆ. ತಲೆಗೆ ಬಿಳಿ ಪುಡಿ ಹಾಕಿಸಿಕೊಳ್ಳುವಾಗ ಆಕೆ ಕನ್ನಡಿಯನ್ನೇ ನೋಡಲಿಲ್ಲವಂತೆ. ಅದನ್ನು ಹೇಳುವಾಗ ಮಾವನ ಸ್ವರ ಸಣ್ಣದಾಗುತ್ತಿತ್ತು. "ನೀವು ಹೀರೋ ಆಗುದು ಯಾವಾಗ?" ಎಂದು ಯಾರೋ ಚುಚ್ಚಿದರೆ "ನನ್ನ ಮುಂದೆ ಸಾವಿರ ಜನ ಉಂಟು, ಅವರೆಲ್ಲ ರಿಟೈರ್ ಆಗ್ಲಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ದೇವಮ್ಮಜ್ಜಿ ಮಾತ್ರ ನಗುತ್ತಿರಲಿಲ್ಲ. ಮುಖಕ್ಕೆ ಬಣ್ಣ ಹಚ್ಚುವುದನ್ನು ಅವರು ಕೆಲಸವೆಂದು ಒಪ್ಪಿದವರೇ ಅಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಾವನ ಕಾಗದ ಬಂತು, ಅಮ್ಮ ಓದಿ ಹೇಳಿದರು. ಸಿನಿಮಾ ಪುತ್ತೂರಿಗೆ ಬರುತ್ತದೆ, ಇಂಟರ್‌ವೆಲ್ ಆದ ಮೇಲೆ ನೋಡಿ, ಈ ಸಲ ನನ್ನ ಮುಖ ಚೆನ್ನಾಗಿ ಕಾಣುತ್ತದೆ, ಅಮ್ಮನನ್ನೂ ಕರೆದುಕೊಂಡು ಹೋಗಿ. ಇದು ಸರಿಯಾದರೆ ಮುಂದೆ ಮಾತು ಇರುವ ಪಾತ್ರ ಕೊಡುತ್ತಾರಂತೆ. ಎಂಥ ಪಾತ್ರ ಎಂದು ಮಾತ್ರ ಬರೆದಿರಲಿಲ್ಲ. ಯಾವತ್ತೂ ಟಾಕೀಸಿನ ಮೆಟ್ಟಿಲು ಹತ್ತದ ಅಜ್ಜಿ ಆ ದಿನ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಮಗನ ಮನೆಗೆ ಹೋಗುವವರ ಹಾಗೆ ನಾಲ್ಕು ಬಾಳೆಹಣ್ಣು ಕಟ್ಟಿಕೊಂಡು ನಮ್ಮೆಲ್ಲರ ಜೊತೆ ಬಸ್ಸು ಹತ್ತಿದರು.

ಮಧ್ಯಾಹ್ನದ ಆಟ. ಇಂಟರ್‌ವೆಲ್ ಕಳೆದು ಒಂದು ಅಂಗಳ ಬಂತು. ಅಂಗಳದಲ್ಲಿ ಚಾಪೆ, ಚಾಪೆಯ ಮೇಲೆ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದಿಸಿದ ಒಂದು ಹೆಣ, ಮೂಗಿನಲ್ಲಿ ಹತ್ತಿ. ಕುಶಾಲಪ್ಪ ಮಾವನ ಮುಖ. ಚೆನ್ನಾಗಿ ಕಾಣುತ್ತಿತ್ತು, ಕಾಗದದಲ್ಲಿ ಬರೆದ ಹಾಗೆಯೇ. ಯಾರೋ ಹೆಂಗಸು ಕಾಲ ಬಳಿ ಬಿದ್ದು ಅಳುತ್ತಿದ್ದಳು. ಆಗ ನಾನು ನೋಡಿದೆ: ಎದೆಯ ಮೇಲಿನ ಬಿಳಿ ಬಟ್ಟೆ ಒಂದು ಸಲ ಮೆಲ್ಲನೆ ಎದ್ದು ಇಳಿಯಿತು. ಪಕ್ಕದಲ್ಲಿ ಅಜ್ಜಿ ಎದ್ದು ನಿಂತಿದ್ದರು. "ಏಳಿ" ಎಂದರು, ಅಷ್ಟೇ. ಬಾಳೆಹಣ್ಣು ಬೆಂಚಿನ ಮೇಲೆಯೇ ಉಳಿಯಿತು.

ಕಡಬದಲ್ಲಿ ಬಸ್ಸಿಳಿದ ಮೇಲೆ ಅಜ್ಜಿ ಯಾರನ್ನೂ ಹೊಸ್ತಿಲು ದಾಟಲು ಬಿಡಲಿಲ್ಲ. ಬಾವಿಕಟ್ಟೆಗೆ ಹೋಗಿ ನೀರು ಸೇದತೊಡಗಿದರು. "ಅತ್ತೆ, ಅದು ಸಿನಿಮಾ. ಅವ ಈಗ ಮದ್ರಾಸಲ್ಲಿ ಊಟ ಮಾಡ್ತಾ ಇರ್ಬಹುದು" ಎಂದರು ಅಪ್ಪ. "ನಾನು ಹೆತ್ತ ಮುಖ ಅದು. ಮೂಗಿಗೆ ಹತ್ತಿ ಇಟ್ಟದ್ದು ನೋಡಿ ಬಂದವರಿಗೆ ಸ್ನಾನ ಬೇಡವಾ?" ಎಂದು ಅಜ್ಜಿ ಕೇಳಿದರು. ಅಪ್ಪ ಕೊಡಪಾನ ತೆಗೆದುಕೊಂಡು ತಲೆಯ ಮೇಲೆ ಹೊಯ್ದುಕೊಂಡರು. ಉಟ್ಟ ಬಟ್ಟೆಯಲ್ಲೇ ಒಬ್ಬೊಬ್ಬರಾಗಿ ಮಿಂದೆವು. ಹೋಟೆಲಿನ ಒಲೆ ಆ ಸಂಜೆ ಉರಿಯಲಿಲ್ಲ. ಎದುರಿನ ಅಂಗಡಿಯ ಅಬ್ಬು ಬ್ಯಾರಿಗಳು ಗಾಬರಿಯಿಂದ ರಸ್ತೆ ದಾಟಿ ಬಂದು "ಯಾರು ಹೋದ್ದು ಮಾರಾಯ್ರೆ?" ಎಂದರು. ಅಪ್ಪ ನೀರು ಸೋರುವ ತಲೆಯಲ್ಲಿ ನಿಂತು "ಯಾರೂ ಹೋಗ್ಲಿಲ್ಲ. ಪುತ್ತೂರು ಟಾಕೀಸಲ್ಲಿ ಕುಶಾಲಪ್ಪ ಹೋದ್ದು" ಎಂದರು. ಬ್ಯಾರಿಗಳು ನಗಲಿಲ್ಲ. ಅಜ್ಜಿಯ ಮುಖ ನೋಡಿ ಹಿಂದೆ ಹೋಗಿ, ತಮ್ಮ ಅಂಗಡಿಯ ಅರ್ಧ ಹಲಗೆ ಮುಚ್ಚಿ ಕೂತರು.

ಆ ಮೇಲೆ ಎರಡು ತಿಂಗಳು ದೇವಮ್ಮಜ್ಜಿ ಮಗನ ಹೆಸರು ಎತ್ತಲಿಲ್ಲ. ಕಾಗದ ಬಂದರೂ "ಅದು ಮೊದಲೇ ಬರೆದದ್ದಿರ್ಬಹುದು" ಎನ್ನುತ್ತಿದ್ದರು. ರುಬ್ಬುವ ಕೈ ಅರ್ಧಕ್ಕೆ ನಿಂತುಬಿಡುತ್ತಿತ್ತು. ಮಾವ ಉಸಿರಾಡಿದ್ದು ನಾನು ನೋಡಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೋಟೆಲಿನಲ್ಲಿ ಆಡಿದ ಮಾತು ಊರೆಲ್ಲ ಹೋಗುವುದನ್ನು ನೋಡಿದವಳು ನಾನು. ಹೆಣವಾಗಿ ಮಲಗಿದವರು ಉಸಿರಾಡಿದರು ಎಂಬುದೂ ಹೇಗೋ ಮದ್ರಾಸಿಗೆ ಹೋದರೆ ಮಾವನಿಗೆ ಮಾತಿನ ಪಾತ್ರ ತಪ್ಪುತ್ತದೆ ಎಂದು ಹೆದರಿದೆ. ರಾತ್ರಿ ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದೆ, ಬಾಯಿ ಬಿಡಲಿಲ್ಲ.

ಮಳೆಗೆ ಮುಂಚೆ ಮಾವ ಬಂದರು. ಅಂಗಳದಲ್ಲೇ ನಿಲ್ಲಿಸಿ ಅಜ್ಜಿ ಅವರ ಮದ್ರಾಸಿನ ಪ್ಯಾಂಟು ಶರ್ಟಿನ ಮೇಲೆಯೇ ಒಂದು ಕೊಡ ನೀರು ಸುರಿದರು. ಆಮೇಲೆ ಒದ್ದೆ ಎದೆಯ ಮೇಲೆ ಅಂಗೈ ಇಟ್ಟರು, ತುಂಬ ಹೊತ್ತು ತೆಗೆಯಲಿಲ್ಲ. "ಇನ್ನು ಅಂಥ ಕೆಲಸಕ್ಕೆ ಹೋಗ್ಬೇಡ ಮಗ" ಎಂದರು. ಮಾವ ಆಗಲಿ ಎಂದು ತಲೆಯಾಡಿಸಿದರು. ಬಾವಿಕಟ್ಟೆಯಲ್ಲಿ ನಾನು ಗುಟ್ಟು ಹೇಳಿದಾಗ ಅವರ ಕಣ್ಣು ದೊಡ್ಡದಾಯಿತು. "ಡೈರೆಕ್ಟರಿಗೆ ಕಾಣದ್ದು ನಿನಗೆ ಕಂಡಿತಾ? ಯಾರಿಗೂ ಹೇಳ್ಬೇಡ ಮಾರಾಯ್ತಿ." ನಾನು ಆಣೆ ಹಾಕಿದೆ, ಮಾವನೂ ಅಜ್ಜಿಗೆ ಕೊಟ್ಟ ಮಾತು ಉಳಿಸಿಕೊಂಡರು. ಸಾಯುವ ಪಾತ್ರ ಒಲ್ಲೆ ಎಂದವರಿಗೆ ಮಾತಾಡುವ ಪಾತ್ರವನ್ನೂ ಯಾರೂ ಕೊಡಲಿಲ್ಲ. ಕೆಲವು ವರ್ಷ ಕಳೆದು ಹಿಂದೆ ಬಂದು, ಪೋಸ್ಟರ್ ಹಚ್ಚಿದ ಅದೇ ಟಾಕೀಸಿನಲ್ಲಿ ಟಿಕೆಟ್ ಹರಿದರು. ಶಾಲೆಯ ವಾರ್ಷಿಕೋತ್ಸವಗಳಿಗೆ ತಗಡಿನ ಪೆಟ್ಟಿಗೆ ಹಿಡಿದು ಹೋಗಿ ಮಕ್ಕಳ ಮುಖಕ್ಕೆ ಬಣ್ಣ ಹಚ್ಚಿದರು. ಅವರ ಒಂದೇ ಒಂದು ಫೋಟೋ ಆ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿತ್ತು. ಅವರು ಹೋದ ಮೇಲೆ ತೆರೆದು ನೋಡಿದರೆ ಗೆದ್ದಲು ಮುಖವನ್ನೇ ತಿಂದಿತ್ತು. ಅಜ್ಜಿ ಅದಕ್ಕೂ ಎಷ್ಟೋ ಮೊದಲೇ ಹೋಗಿದ್ದರು. ಟಾಕೀಸು ಬಿತ್ತು, ರಸ್ತೆ ಅಗಲವಾಗುವಾಗ ನಮ್ಮ ಹೋಟೆಲೂ ಬಾವಿಯೂ ಹೋದವು.

ಇದನ್ನೆಲ್ಲ ನಾನು ದೀಕ್ಷಾಳಿಗೆ ಹೇಳಲಿಲ್ಲ. ಸಿನಿಮಾದ ಹೆಸರು ಮಾತ್ರ ಹೇಳಿ, ನಮ್ಮ ಸಂಬಂಧದವರೊಬ್ಬರು ಅದರಲ್ಲಿ ಇದ್ದರು ಎಂದೆ. ಅವಳು ಫೋನಿನಲ್ಲಿ ಹುಡುಕಿ, ಇಬ್ಬರ ನಡುವೆ ಹಿಡಿದಳು. ಅಂಗಳ ಬಂತು, ಚಾಪೆ ಬಂತು, ಮಾವ ಬಂದರು. ಎಷ್ಟು ಸಣ್ಣ ಪ್ರಾಯ ಅವರಿಗೆ, ದೀಕ್ಷಾಳಷ್ಟೇ. ನನಗೆ ಕಣ್ಣು ಮಂಜಾಗಿ ಏನೂ ಕಾಣದೆ ಹೋಯಿತು. ಆಗ ಅವಳು ಬೆರಳಿಟ್ಟು ನಿಲ್ಲಿಸಿದಳು. "ಅಜ್ಜಿ, ಹೆಣ ಉಸಿರಾಡ್ತಾ ಉಂಟು. ನೋಡಿ ಇಲ್ಲಿ. ನಾನಾಗಿದ್ರೆ ಇದನ್ನು ಕತ್ತರಿಸಿ ತೆಗೀತಿದ್ದೆ." ನಾನು ಅವಳ ಎಣ್ಣೆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಅಷ್ಟು ವರ್ಷ ನಾನೊಬ್ಬಳೇ ನೋಡಿದ್ದನ್ನು ನನ್ನ ಮೊಮ್ಮಗಳು ಯಾರೂ ಹೇಳದೆ ನೋಡಿದಳು. "ಎಂತಾಯ್ತು ಅಜ್ಜಿ?" ಎಂದು ಅವಳು ಕೇಳುತ್ತಲೇ ಇದ್ದಳು.

ದೀಕ್ಷಾ ಹೋಗಿ ಈಗ ಒಂದು ವಾರವಾಯಿತು. ಹಗಲು ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ, ಅವಳು ನನ್ನ ಫೋನಿಗೆ ಹಾಕಿಕೊಟ್ಟ ಆ ತುಂಡನ್ನು ಇಟ್ಟುಕೊಂಡು ಕೂರುತ್ತೇನೆ. ಬಿಳಿ ಬಟ್ಟೆ ಏಳುತ್ತದೆ. ಅವಳು ಕಲಿಸಿದ ಹಾಗೆ ಬೆರಳಿಟ್ಟು ಅಲ್ಲೇ ನಿಲ್ಲಿಸುತ್ತೇನೆ, ಇಳಿಯಲು ಬಿಡುವುದಿಲ್ಲ. ಅಲ್ಲಿ ನಿಲ್ಲಿಸಿದರೆ ಟಾಕೀಸಿನ ಬೆಂಚು ಮತ್ತೆ ತುಂಬುತ್ತದೆ. ಒಂದು ಬದಿಗೆ ಅಪ್ಪ, ಅಮ್ಮ, ಇನ್ನೊಂದು ಬದಿಗೆ ಬಾಳೆಹಣ್ಣು ಹಿಡಿದ ದೇವಮ್ಮಜ್ಜಿ. ಅಂದು ಹೇಳದೆ ಉಳಿದ ಮಾತನ್ನು ಈಗ ಯಾರೂ ಇಲ್ಲದ ಮನೆಯಲ್ಲಿ ಬಾಯಿಬಿಟ್ಟೇ ಹೇಳುತ್ತೇನೆ: ಅಜ್ಜೀ, ಏಳ್ಬೇಡಿ. ಸ್ವಲ್ಪ ಕೂತ್ಕೊಳ್ಳಿ. ಮಾವನ ಎದೆ ನೋಡಿ.