ಸಾಹೇಬರ ತಲೆಗೆ ಬಂದ ಪೇಟ

ನನ್ನಾಕೆ ಇದ್ದಾಗ ನನ್ನ ಬಾಡಿಗೆ ಕಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ತನ್ನ ಹಳೇ ಸೀರೆ ತುಂಡಿನಲ್ಲಿ ಅಷ್ಟು ಉಜ್ಜೋಳು. ಅವಳು ಹೋದ ಮೇಲೆ ನನ್ನ ಕೈಗೆ ಆ ಹೊಳಪು ಬರಲಿಲ್ಲ. ನಜರ್‌ಬಾದಿನ ಮದುವೆ ಮನೆಯವರು, "ಮದುಮಗಳು ಕೂರೋ ಕಾರು ಇಷ್ಟು ಮಂಕಾಗಿದ್ರೆ ಬೇಡ ಕಣ್ರೀ" ಅಂದುಬಿಟ್ಟರು.

ಲಷ್ಕರ್ ಮೊಹಲ್ಲಾದಲ್ಲಿ ಹಳೇ ಸಾಮಾನು ಮಾರುವ ಸಾಹೇಬರ ಹತ್ತಿರ ಪಾಲಿಶ್ ಮೆಷಿನ್ ಎರಡಿದ್ದವು. ದೊಡ್ಡದು ನನ್ನ ಕೈಗೆ ಎಟುಕುವಂತಿರಲಿಲ್ಲ. ಚಿಕ್ಕದು ಅಗ್ಗ, ಆದರೆ ಅದರ ತಿರುಗೋ ತಟ್ಟೆಗೆ ಹಾಕೋ ಉಣ್ಣೆ ಟೋಪಿ ಹರಿದುಹೋಗಿತ್ತು. ಕೊಳ್ಳೋ ಮೊದಲು ಓಡಿಸಿ ನೋಡೋಣ ಅಂತ ಕಾರಿನ ಸೀಟಿನ ಕೆಳಗಿದ್ದ ಅವಳ ಸೀರೆ ತುಂಡನ್ನೇ ಅದಕ್ಕೆ ಕಟ್ಟಿದೆ. ಸಾಹೇಬರು ಬೀದಿಯವರೆಗೂ ವೈರು ಎಳೆದುಕೊಟ್ಟು, "ತಿರುಗೋವಾಗ ಮಾತ್ರ ಮೇಲಕ್ಕೆ ಎತ್ತಬೇಡಿ ಯಜಮಾನ್ರೇ" ಅಂದರು.

ಬಾನೆಟ್ ಮೇಲೆ ತಟ್ಟೆಯಷ್ಟು ಜಾಗ ಫಳಫಳ ಅಂತು. ಅದೇ ಹಳೇ ಹೊಳಪು! ಖುಷಿಗೆ ಮೆಷಿನ್ ಎತ್ತಿಯೇಬಿಟ್ಟೆ. ಸೀರೆ ಬಿಚ್ಚಿಕೊಂಡು ಹಾರಿ ಸಾಹೇಬರ ಬೋಳು ತಲೆ ಮೇಲೆ ಕೂತಿತು. ಜರಿ ಅಂಚು ಸರಿಯಾಗಿ ಹಣೆಗೇ ಬಂದು, ಥೇಟ್ ಅರಮನೆ ಪೇಟ.

"ಸಾಹೇಬ್ರೇ, ದಸರಾ ಮೆರವಣಿಗೆಗೆ ಹೊರಟ್ರಾ?" ಅಂದೆ.

"ಆನೆ ಎಲ್ರೀ? ಹೋಗ್ಲಿ, ನಿಮ್ಮ ಕಾರೇ ಸಾಕು ನಡೀರಿ" ಅಂತ ಅವರು ಪೇಟದ ಸಮೇತ ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಹೋದ ಮೇಲೆ ಅಷ್ಟು ನಕ್ಕಿರಲಿಲ್ಲ.

ಆ ಚಿಕ್ಕ ಮೆಷಿನ್ನನ್ನೇ ಕೊಂಡೆ, ಹೊಸ ಉಣ್ಣೆ ಟೋಪಿ ಹಾಕಿಸಿಕೊಂಡೆ. ಕಾರು ಮದುವೆಗೂ ಹೋಯಿತು. ಆದರೆ ಈಗಲೂ ಕೊನೇ ಉಜ್ಜು ಆ ಸೀರೆ ತುಂಡಿನದೇ. "ನೀವು ಹಿಡಿದ ಕೆಲಸ ಯಾವತ್ತೂ ಅರ್ಧವೇ" ಅಂತಿದ್ದಳು ನನ್ನಾಕೆ. ಮೆಷಿನ್ ಬಂದರೂ ಆ ಮಾತು ಸುಳ್ಳಾಗಲಿಲ್ಲ.