ಇಂದಾಪುರ ಸ್ಟ್ಯಾಂಡಿನಲ್ಲಿ ಕಂಡ ಚನ್ನಪ್ಪಣ್ಣ

ನಾನು ಹೇಳಿದ್ದು ಸುಳ್ಳು ಹೌದೋ ಅಲ್ಲವೋ — ಅದೇ ನನಗೆ ಮೊನ್ನೆಮೊನ್ನೆಯವರೆಗೆ ಖಾತ್ರಿಯಿರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ, ಪುಣೆ ಕ್ಯಾಂಪಿನ ಒಂದು ಮನೆಯಲ್ಲಿ, ಏಳೆಂಟು ಜನರ ಎದುರು, ಕಾಣೆಯಾದ ಮನುಷ್ಯರೊಬ್ಬರನ್ನು ಇಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಣ್ಣಾರೆ ಕಂಡೆನೆಂದು ಹೇಳಿದೆ. ಹೇಳುವಾಗ ಅದು ಸುಳ್ಳೆಂದು ಗೊತ್ತಿತ್ತು — ಗೊತ್ತಿತ್ತೆಂದು ಈಗ ಅನಿಸುತ್ತದೆ. ಆದರೆ ಆಮೇಲೆ ಅದನ್ನು ಎಷ್ಟು ಸಲ ಹೇಳಬೇಕಾಯಿತೆಂದರೆ, ಇವತ್ತು ಕಣ್ಣು ಮುಚ್ಚಿದರೆ ಅವರು ಕಾಣುತ್ತಾರೆ. ಬೇವಿನ ಮರ, ಅದರ ಕೆಳಗೆ ಚಹಾದಂಗಡಿ, ಈ ಕಡೆ ಬೆನ್ನು ಮಾಡಿ ನಿಂತ ದಪ್ಪ ಮನುಷ್ಯ, ಬಿಳೀ ಅಂಗಿ. ನೋಡದೇ ಇದ್ದದ್ದು ಇಷ್ಟು ನಿಚ್ಚಳವಾಗಿ ಕಾಣುವುದು ಹೇಗೆ?

ಈ ಪ್ರಶ್ನೆ ಕೇಳುತ್ತಿರುವ ನಾನು ಎಂಥವನೆಂದು ಹೇಳಿಬಿಡುತ್ತೇನೆ, ಆಗ ನಿಮಗೆ ನಗಲು ಅನುಕೂಲ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಅಳೆಯುವ ಕೆಲಸಕ್ಕೆ ಸೇರಿದವನು. ಅಳೆಯದೆ ಒಂದೇ ಒಂದು ಬೋಲ್ಟನ್ನು ಪಾಸು ಮಾಡಿದವನಲ್ಲ. ಜ್ಯೋತಿಷ್ಯ, ಎಡಗಣ್ಣು ಹಾರುವುದು, ಪುಢಾರಿಗಳ ಆಶ್ವಾಸನೆ — ಎಲ್ಲಕ್ಕೂ ‘ಪುರಾವೆ ಏನು?’ ಎಂದು ಕೇಳಿ ಕೇಳಿ, ಮದುವೆಮನೆಗಳಲ್ಲಿ ನನ್ನ ಪಕ್ಕದ ಎಲೆಗೆ ಯಾರೂ ಕೂಡದ ಹಾಗೆ ಮಾಡಿಕೊಂಡವನು.

ಚನ್ನಪ್ಪಣ್ಣ ಬೆಳಗಾವಿ ಕಡೆಯವರು. ಕ್ಯಾಂಪಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ, ಅದರ ಹಿಂದೆಯೇ ಮನೆ. ಕಾರ್ಪೊರೇಟರ್ ಸ್ಥಾನಕ್ಕೆ ನಿಂತು ಒಮ್ಮೆ ಗೆದ್ದು ಎರಡು ಸಲ ಸೋತವರು. ಮನೆಯಲ್ಲಿ ಚನ್ನಪ್ಪಣ್ಣ, ಬೀದಿಯ ಫ್ಲೆಕ್ಸುಗಳಲ್ಲಿ ‘ಚನ್ನಾಭಾವು’. ಪುಣೆಗೆ ಬಂದ ಹೊಸತರಲ್ಲಿ ನಾನು ಅವರ ಮಾಳಿಗೆಯ ಕೋಣೆಯಲ್ಲಿದ್ದೆ. ಅವರ ಹೆಂಡತಿ ಮಂದಾಕಿನಿ — ನನಗೆ ವೈನಿ, ಅಂದರೆ ಅತ್ತಿಗೆ — ನಾಲ್ಕು ವರ್ಷ ನನಗೆ ಬಿಸಿ ರೊಟ್ಟಿ ಬಡಿಸಿದವರು. ಇದು ನೆನಪಿರಲಿ. ನಾನು ಮಾತ್ರ ಆ ದಿನ ಇದನ್ನು ನೆನಪಿಟ್ಟುಕೊಳ್ಳಲಿಲ್ಲ.

ಒಂದು ಮುಂಜಾನೆ ವಾಕಿಂಗಿಗೆ ಹೋದ ಚನ್ನಪ್ಪಣ್ಣ ಮರಳಿ ಬರಲಿಲ್ಲ. ಕಾಲುವೆಯ ದಂಡೆಯಲ್ಲಿ ಅವರ ಚಪ್ಪಲಿ ಸಿಕ್ಕವು, ಜೋಡಿಸಿಟ್ಟ ಹಾಗೆ. ಎರಡು ದಿನ ನೀರಿನಲ್ಲಿ ಹುಡುಕಿದರು, ಹೆಣ ಸಿಗಲಿಲ್ಲ. ವಿರೋಧಿಗಳು ಮುಗಿಸಿದರೆಂದು ಒಬ್ಬರು, ನೋಡಬಾರದ ಫೈಲು ನೋಡಿದ್ದರೆಂದು ಇನ್ನೊಬ್ಬರು, ಸಾಧು ಆಗಿ ಗಿರನಾರ್ ಬೆಟ್ಟ ಹತ್ತಿದರೆಂದು ಮತ್ತೊಬ್ಬರು. ಮೂರು ಪೂರಿ ಜಾಸ್ತಿಯಾದರೆ ಮೆಟ್ಟಿಲು ಹತ್ತಲಾರದವರು ಬೆಟ್ಟ ಹತ್ತುವುದುಂಟೇ ಎಂದು ನಾನು ಕೇಳಿದೆ. ವೈನಿ ಮಾತ್ರ ಚಪ್ಪಲಿಗಳನ್ನು ನೋಡಿ ಇನ್‌ಸ್ಪೆಕ್ಟರಿಗೆ ಒಂದೇ ಮಾತು ಹೇಳಿದರು: “ಇಪ್ಪತ್ತೆಂಟು ವರ್ಷದಾಗ ಒಂದು ದಿನಾನೂ ಚಪ್ಪಲ್ ಜೋಡಿಸಿ ಇಟ್ಟವರಲ್ರೀ. ಇವನ್ನ ಅವರು ಇಟ್ಟಿಲ್ಲ.” ಆ ಪ್ರಕರಣದಲ್ಲಿ ನಾನು ಕೇಳಿದ ಏಕೈಕ ವೈಜ್ಞಾನಿಕ ಮಾತು ಅದು.

ವರ್ಷ ತುಂಬುತ್ತ ಬಂತು, ಅವರ ಹುಟ್ಟುಹಬ್ಬ ಹತ್ತಿರವಾಯಿತು. ಪುಣೆಯಲ್ಲಿ ಪುಢಾರಿ ಬದುಕಿದ್ದಾನೋ ಇಲ್ಲವೋ ಎನ್ನುವುದು ತಿಳಿಯುವುದು ಫ್ಲೆಕ್ಸಿನಿಂದ. ಬದುಕಿದ್ದರೆ ‘ವಾಢದಿವಸಾಚ್ಯಾ ಹಾರ್ದಿಕ್ ಶುಭೇಚ್ಛಾ’, ಹುಟ್ಟುಹಬ್ಬದ ಶುಭಾಶಯ. ಸತ್ತಿದ್ದರೆ ‘ಭಾವಪೂರ್ಣ ಶ್ರದ್ಧಾಂಜಲಿ’. ಮೂರನೆಯ ನಮೂನೆ ಯಾವ ಅಂಗಡಿಯಲ್ಲೂ ಛಾಪಿಸುವುದಿಲ್ಲ. ಚನ್ನಪ್ಪಣ್ಣನ ತಮ್ಮ ಸುಭಾಷ ಎರಡನೆಯದನ್ನು ಮಾಡಿಸಿಕೊಂಡು ಮೊಬೈಲಿನಲ್ಲಿ ಮನೆಗೆ ತಂದ. ಕಪ್ಪು ಅಂಚು, ನಡುವೆ ಅಣ್ಣ, ಕೆಳಗೆ ಕೈಮುಗಿದ ಸುಭಾಷ — ಅಣ್ಣನಿಗಿಂತ ಎರಡು ಗೇಣು ದೊಡ್ಡವನು. ಅನುಕಂಪದ ಮೇಲೆ ಈ ಸಲ ಟಿಕೆಟ್ ಅವನಿಗೆಂದು ಎಲ್ಲರಿಗೂ ಗೊತ್ತಿತ್ತು.

“ಹೆಣ ಸಿಕ್ಕಿಲ್ಲ. ಸತ್ತಾರ ಅನ್ನಲಿಕ್ಕೆ ಪುರಾವೆ ಏನದ?” ಎಂದೆ.

“ನೋಡ್ರಪಾ, ಬಂತು ಎಮ್ಮೆಸ್ಸಿ!” ಸುಭಾಷ ಮಂದಿಯ ಕಡೆ ತಿರುಗಿದ. “ಬೋಲ್ಟ್ ಎಣಿಸೋದು ಬಿಟ್ಟು ನಮ್ಮಣ್ಣನ್ನ ಎಣಿಸ್ಲಿಕ್ಕೆ ಬಂದಾನ.”

“ಎಣಿಸೋದಿಲ್ಲ, ಅಳಿತೀನಿ.”

“ಭಾಳ ಶಾಣ್ಯಾ ಅದೀ. ಬದುಕ್ಯಾರ ಅನ್ನಲಿಕ್ಕೆ ನಿನ್ನ ಹತ್ರ ಪುರಾವೆ ಅದ ಏನು? ನೀ ನೋಡಿ ಬಂದೀ?”

ಎಲ್ಲರೂ ನಕ್ಕರು. ಆ ನಗು — ಅದೊಂದು ಇಲ್ಲದಿದ್ದರೆ — ಇರಲಿ.

“ಹೌದು,” ಎಂದೆ, “ನೋಡೀನಿ.”

ಒಳಗಿನಿಂದ ವೈನಿ ಬಂದರು, ಕೈಯಲ್ಲಿ ಹಿಟ್ಟು. “ಎಲ್ಲೆ? ಎಲ್ಲೆ ನೋಡಿದಿ, ಶ್ರೀಧರ?”

ಮೂರು ವಾರದ ಹಿಂದೆ ಸೋಲಾಪುರದ ಮದುವೆಯಿಂದ ಬರುವಾಗ ನಮ್ಮ ಬಸ್ಸು ಇಂದಾಪುರದಲ್ಲಿ ಹತ್ತು ನಿಮಿಷ ನಿಂತಿತ್ತು. ಇದು ನಿಜ. ಆ ಹತ್ತು ನಿಮಿಷ ನಾನು ನಿದ್ದೆಯಲ್ಲಿದ್ದೆ — ಇದೂ ಬಹುತೇಕ ನಿಜ. “ಇಂದಾಪುರ ಸ್ಟ್ಯಾಂಡಿನ್ಯಾಗ,” ಎಂದೆ. ಅಳತೆ ಕೊಟ್ಟರೆ ಯಾವ ಮಾತೂ ನಂಬಿಕೆ ಹುಟ್ಟಿಸುತ್ತದೆಂದು ಬೋಲ್ಟು ಅಳೆಯುವವನಿಗೆ ಗೊತ್ತಿರುವುದಿಲ್ಲವೇ? “ಮೂರನೇ ಪ್ಲಾಟ್‌ಫಾರ್ಮಿನ ಎದುರು, ಬೇವಿನ ಗಿಡದ ಕೆಳಗ ಒಂದು ಚಹಾದಂಗಡಿ ಅದಲ್ಲ, ಅಲ್ಲೆ. ಇಳಿದು ಹೋಗೂದ್ರೊಳಗ ಬಸ್ ಬಿಟ್ಟುಬಿಟ್ಟಿತು.”

ವೈನಿಯ ಮೇಲಿನ ಮರುಕದಿಂದ ಹೇಳಿದೆನೆಂದು ಯಾರಾದರೂ ಭಾವಿಸಿದರೆ ದಯವಿಟ್ಟು ಭಾವಿಸಬೇಡಿ. ನಾನೇ ಹಾಗೆ ಭಾವಿಸಲು ಕೆಲವು ವರ್ಷ ಪ್ರಯತ್ನಪಟ್ಟೆ, ಆಗಲಿಲ್ಲ. ಸುಭಾಷನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೇ. ಮುಚ್ಚಿತು ಕೂಡ. ಆ ವರ್ಷ ಕಪ್ಪು ಅಂಚಿನ ಫ್ಲೆಕ್ಸು ಹೋಗಿ ಹುಟ್ಟುಹಬ್ಬದ ಫ್ಲೆಕ್ಸು ಬಂತು.

ಅಂದಿನಿಂದ ಪ್ರತಿ ವರ್ಷ ಬರುತ್ತಿದೆ. ಚನ್ನಾಭಾವು ಅದೇ ಫೋಟೋದಲ್ಲಿ, ಐವತ್ತೆರಡರಲ್ಲೇ ನಗುತ್ತ ನಿಂತಿದ್ದಾರೆ. ಕೆಳಗಿನ ಸಾಲಿನ ‘ಶುಭೇಚ್ಛುಕ’ರು ಮಾತ್ರ ವರ್ಷ ವರ್ಷ ಮುದುಕರಾಗುತ್ತಿದ್ದಾರೆ. ಅವರಲ್ಲೊಬ್ಬರು ಹೋದ ವರ್ಷ ತೀರಿಯೇ ಹೋದರು, ಆದರೂ ಶುಭ ಕೋರುತ್ತಿದ್ದಾರೆ. ಎಡದಿಂದ ಮೂರನೆಯವನು ನಾನು, ಪ್ರತ್ಯಕ್ಷದರ್ಶಿ ಎಂಬ ಗೌರವಕ್ಕೆ. ಕೂದಲು ಉದುರಿದ ಹಾಗೆಲ್ಲ ಸುಭಾಷ ಹೊಸ ಫೋಟೋ ಕೇಳಿ ಹಾಕಿಸುತ್ತಾನೆ. ಟಿಕೆಟ್ ಸಿಗದ ಸೇಡನ್ನು ಅವನು ಹೀಗೆ ತೀರಿಸಿಕೊಳ್ಳುತ್ತಿರಬಹುದು.

ಇಷ್ಟೇ ಆಗಿದ್ದರೆ ಇದು ನಗುವ ಕತೆಯಾಗಿ ಮುಗಿಯುತ್ತಿತ್ತು. ಆದರೆ ವೈನಿ — ಆ ವಾರವೇ ವೈನಿ ಇಂದಾಪುರಕ್ಕೆ ಹೋದರು. ಆಮೇಲೆ ಪ್ರತಿ ತಿಂಗಳ ಮೊದಲ ಸೋಮವಾರ. ಎಸ್.ಟಿ. ಬಸ್ಸಿನಲ್ಲಿ ಹೋಗುತ್ತಾರೆ, ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಚನ್ನಪ್ಪಣ್ಣನ ಒಂದು ಸ್ವೆಟರು. ಸ್ಟ್ಯಾಂಡಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು ಮರಳುತ್ತಾರೆ. ಬೇಸಿಗೆಯಲ್ಲೂ ಸ್ವೆಟರು. ಹನ್ನೊಂದು ವರ್ಷ — ತಿಂಗಳಿಗೊಂದು. ಲೆಕ್ಕ ಬರುವವನು ನಾನು, ಆ ಗುಣಾಕಾರ ಮಾಡುವ ಧೈರ್ಯ ಒಮ್ಮೆಯೂ ಆಗಲಿಲ್ಲ. ‘ಮುಂದಿನ ಸೋಮವಾರದೊಳಗೆ ಹೇಳಿಬಿಡುತ್ತೇನೆ’ ಎಂದುಕೊಳ್ಳುವುದು, ಸೋಮವಾರ ಚಾಕಣದಲ್ಲಿ ಬೋಲ್ಟು ಅಳೆಯುತ್ತ ಬಸ್ಸು ಎಲ್ಲಿಗೆ ತಲುಪಿರಬಹುದೆಂದು ಗಡಿಯಾರ ನೋಡುವುದು —

ಈ ವರ್ಷ ವೈನಿಯ ಮೊಣಕಾಲು ಕೈಕೊಟ್ಟವು. “ಈ ಸಲ ನೀ ಜೋಡಿ ಬಾ. ಬಸ್ ಹತ್ತಲಿಕ್ಕೆ ಆಗೂದಿಲ್ಲ. ಮತ್ತ ನೋಡಿದವ ನೀನು, ಎಲ್ಲಿ ನಿಂತಿದ್ರು ಅಂತ ಖರೇ ಜಾಗಾ ತೋರಿಸು” ಎಂದು ಕರೆದರು. ರಜೆ ಹಾಕಿ ಹೋದೆ.

ಮೂರನೇ ಪ್ಲಾಟ್‌ಫಾರ್ಮಿನ ಎದುರು ಬೇವಿನ ಮರವಿತ್ತು. ಕೆಳಗೆ ಚಹಾದಂಗಡಿ ಇತ್ತು. ನನ್ನ ಕಾಲು ಅಲ್ಲೇ ನಿಂತವು — ನಾನು ಕಟ್ಟಿದ ಸುಳ್ಳು ನನಗಿಂತ ಮೊದಲೇ ಬಂದು ಒಲೆ ಹಚ್ಚಿಕೊಂಡು ಕೂತಿತ್ತು. ವೈನಿ ಅಂಗಡಿಯವನಿಗೆ ನನ್ನನ್ನು ತೋರಿಸಿ ಮರಾಠಿಯಲ್ಲಿ, “ನೋಡು, ಆವತ್ತು ಅವರನ್ನ ಕಂಡವನು ಇವನೇ” ಎಂದರು.

“ಭಾವು? ಯೇತ್ ಹೋತೆ ಕೀ!” ಎಂದ ಅವನು. ಬರುತ್ತಿದ್ದರಲ್ಲ! “ಬಶಿ ಕೊಡು ಅಂತ ನನ್ನ ಮೇಲೆ ಸಿಟ್ಟಾಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಬಶಿ ಎಲ್ಲಿಂದ ತರಲಿ?”

ಚನ್ನಪ್ಪಣ್ಣ ಬಶಿ ಇಲ್ಲದೆ ಚಹಾ ಕುಡಿದವರಲ್ಲ. ಕಪ್ಪಿನಿಂದ ಸಾಸರಿಗೆ ಸುರಿದುಕೊಂಡು, ಊದಿ, ಸದ್ದು ಮಾಡಿ ಕುಡಿಯಬೇಕು. ಬಶಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹಾಗಾದರೆ? ಆ ದಿನ ನಿದ್ದೆಯ ನಡುವೆ ಒಮ್ಮೆ ಕಣ್ಣು ಬಿಟ್ಟಿದ್ದೆನೇ? ಕಿಟಕಿಯಾಚೆ ಒಂದು ಬೆನ್ನು — ಸುಳ್ಳೆಂದುಕೊಂಡು ಹೇಳಿದ್ದು ನಿಜವೇ ಆಗಿತ್ತೇ? ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಎದೆ ಹಗುರಾಯಿತು. ಆ ಹಗುರಕ್ಕೇ ಹೆದರಿದೆ. ಅಳೆಯದೆ ಪಾಸು ಮಾಡುವವರಿಗೆ ಹೀಗೇ ಅನಿಸುತ್ತಿರಬೇಕು.

ಮರಳುವ ಬಸ್ಸಿನಲ್ಲಿ, ಇಂದಾಪುರದ ಕಬ್ಬಿನ ಹೊಲಗಳು ಹಿಂದೆ ಸರಿದ ಮೇಲೆ, ಹೇಳಿದೆ.

“ವೈನಿ, ನಾ ಅವರನ್ನ ನೋಡಿಲ್ರಿ. ಆವತ್ತು ಸುಳ್ಳು ಹೇಳಿದೆ.”

ವೈನಿ ಚಟ್ನಿಯ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಹಾಕಿ ಮುಗಿಸಿದರು. “ವಯಸ್ಸಾತು ನಿನಗ,” ಎಂದರು. “ಮರತಿ.”

“ಮರತಿಲ್ರೀ. ಸುಭಾಷನ ಜೋಡಿ ವಾದ ಗೆಲ್ಲಲಿಕ್ಕೆ ಹೇಳಿದೆ.”

“ಮತ್ತ ಚಹಾದವ ಹೇಳಿದ್ನಲ್ಲ, ಬಶಿದು?”

“ನೀವ ಯಾವಾಗರ ಹೇಳಿರಬೇಕು ಅವಗ.”

“ಹೇಳಿರಬಹುದು. ಹೇಳಿರಲಿಕ್ಕಿಲ್ಲ.” ಕಿಟಕಿಯ ಕಡೆ ತಿರುಗಿದರು. “ನೋಡೀನಿ ಅಂದಾಗ ಎಂಟು ಮಂದಿ ಮುಂದ ಅಂದಿ. ನೋಡಿಲ್ಲ ಅಂತ ಈಗ ನನ್ನೊಬ್ಬಾಕಿ ಮುಂದ ಅಂತೀ. ನೋಡಿಲ್ಲ ಅನ್ನಲಿಕ್ಕೆ ನಿನ್ನ ಹತ್ರ ಪುರಾವೆ ಏನದ, ಶ್ರೀಧರ?”

ಜೀವಮಾನವಿಡೀ ಎಲ್ಲರನ್ನೂ ಕೇಳಿದ ಪ್ರಶ್ನೆ. ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಅವರ ಕೈ ಹಿಡಿದು ಬಸ್ಸಿನಿಂದ ಇಳಿಸಿದೆ.

ಅದಕ್ಕೇ ಇದನ್ನು ಬರೆದೆ. ಎಂಟು ಮಂದಿಯ ಎದುರು ಹೇಳಿದ ಸುಳ್ಳನ್ನು ಎಂಟಕ್ಕಿಂತ ಹೆಚ್ಚು ಮಂದಿಯ ಎದುರು ಹಿಂತೆಗೆದುಕೊಳ್ಳಬೇಕು, ಅಷ್ಟು ಲೆಕ್ಕ ನನಗೆ ಬರುತ್ತದೆ. ಈ ಸಲದ ಫ್ಲೆಕ್ಸಿನಿಂದ ನನ್ನ ಫೋಟೋ ತೆಗೆ ಎಂದು ಸುಭಾಷನಿಗೆ ಹೇಳಿದ್ದೇನೆ. ಬರುವ ಸೋಮವಾರ ವೈನಿ ಹೊರಡುವುದಾದರೆ ಬಸ್ಸು ಹತ್ತಿಸಲು ನಾನೇ ಹೋಗುತ್ತೇನೆ. ಹೊರಡದಿದ್ದರೆ — ಅದನ್ನು ಅವರು ನಿರ್ಧರಿಸಲಿ. ಹನ್ನೊಂದು ವರ್ಷ ಅವರ ಪರವಾಗಿ ನಾನು ನಿರ್ಧರಿಸಿದ್ದು ಸಾಕು.

ಆದರೆ ಪುರಾವೆ ಕೇಳಿದ್ದರಲ್ಲ. ಕಳೆದ ಗುರುವಾರ ಒಬ್ಬನೇ ಮತ್ತೆ ಇಂದಾಪುರಕ್ಕೆ ಹೋದೆ. ಚಹಾದವನು ತನ್ನ ಅಂಗಡಿಯಲ್ಲಿ, ಗಣಪತಿಯ ಫೋಟೋದ ಪಕ್ಕ, ಊದುಬತ್ತಿಯ ಹೊಗೆಗೆ ಕಂದಿದ ಒಂದು ಕಾಗದವನ್ನು ಕಟ್ಟುಹಾಕಿಸಿ ತೂಗುಬಿಟ್ಟಿದ್ದಾನೆ — ಅಂಗಡಿಯ ಪರವಾನಗಿ. ಕನ್ನಡಕ ಒರೆಸಿಕೊಂಡು ತಾರೀಖು ಎರಡು ಸಲ ಓದಿದೆ. ಇದಕ್ಕೂ ಮುಂಚೆ ಇಲ್ಲಿ ಬೇರೆ ಯಾರದಾದರೂ ಚಹಾದಂಗಡಿ ಇತ್ತೇ ಎಂದು ಕೇಳಿದೆ. ಇರಲಿಲ್ಲ, ಬರೀ ಗೋಡೆ, ತಾನು ಆಗ ಬಸ್ಸುಗಳಲ್ಲಿ ಸೌತೆಕಾಯಿ ಮಾರುತ್ತಿದ್ದೆ ಎಂದ. ಆಮೇಲೆ ಡಿಪೋದ ಹಳೆಯ ಗುಮಾಸ್ತರೊಬ್ಬರನ್ನೂ ಕೇಳಿದೆ. ಅವರೂ ಅದನ್ನೇ ಹೇಳಿದರು.

ನಾನು ಆ ಮಾತು ಹೇಳಿ ಹನ್ನೊಂದು ವರ್ಷ. ಪರವಾನಗಿಗೆ ಒಂಬತ್ತು ವರ್ಷ. ಮೊದಲ ಎರಡು ವರ್ಷ ವೈನಿ ಅಲ್ಲಿಗೆ ಹೋಗಿ ಕೂತಾಗ, ನಾನು ಹೇಳಿದ ಚಹಾದಂಗಡಿ ಅಲ್ಲಿರಲೇ ಇಲ್ಲ.