ಕ್ಯಾಸೆಟ್ಟಿನ ಮೇಲೆ ನನ್ನ ಬೆನ್ನು

ನಾನೇ ಬರೆದು, ನಾನೇ ರಾಗ ಹಾಕಿದ ಹಾಡುಗಳ ಮೊದಲ ಕ್ಯಾಸೆಟ್ಟು ಬಂದಾಗ ನನಗೆ ಇಪ್ಪತ್ತೆರಡು. ಹಳಿಯಾಳದಲ್ಲಿ ಅಪ್ಪನದು ಕಾಳುಕಡಿಯ ಅಂಗಡಿ. "ಹಾಡು, ಬ್ಯಾಡ ಅನ್ನೂದಿಲ್ಲ. ಆದ್ರ ಅದರ ಮ್ಯಾಲ ನಿನ್ನ ಮಾರಿ ಹಾಕಬ್ಯಾಡ" ಎಂದರು.

ಕ್ಯಾಸೆಟ್ಟಿನ ಮೇಲಿನ ಚಿತ್ರ ಬರೆಸಲೆಂದು ದಾಂಡೇಲಿಗೆ ಹೋದೆ. ಅಲ್ಲಿ ಲಾರಿಗಳಿಗೆ ಹೂಬಳ್ಳಿ, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಚಾಚಾ ಇದ್ದರು. ಅಪ್ಪನ ಮಾತು ಕೇಳಿ ನಕ್ಕುಬಿಟ್ಟರು.

"ಹಂಗಾದ್ರ ಆ ಕಡೆ ತಿರುಗಿ ಕೂಡು ಬೇಟಿ."

ಕಾಳಿ ಹೊಳೆಗೆ ಮುಖಮಾಡಿ ಕೂತೆ. ನೀರಿನ ಮೇಲೆ ಮಂಜು ಏಳುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ, ನಡುವೆ ಕಣ್ಣು ಹತ್ತಿತ್ತೋ ಏನೋ. ಎದ್ದು ನೋಡಿದರೆ ಹಲಗೆಯ ಮೇಲೆ ಒಂದು ಜಡೆ, ಒಂದು ಬೆನ್ನು, ಆಚೆ ಹೊಳೆ. ನನ್ನ ಬೆನ್ನನ್ನು ನಾನು ಕಂಡದ್ದು ಅದೇ ಮೊದಲು. ಮುಂದೊಂದು ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಇಬ್ಬರು ಆ ಕ್ಯಾಸೆಟ್ಟು ಹಿಡಿದು, "ಯಾರಿರಬೇಕಲೇ ಇಕಿ?" ಎಂದು ಮಾತಾಡುತ್ತಿದ್ದರು. ಪಕ್ಕದಲ್ಲೇ ನಿಂತಿದ್ದೆ.

ಹತ್ತು ವರ್ಷದ ಮೇಲೆ ಸಿ.ಡಿ. ಬಂತು. ಅಷ್ಟರಲ್ಲಿ ಅಪ್ಪ ಮೆತ್ತಗಾಗಿ, ಮುಖ ಹಾಕಲು ಒಪ್ಪಿದ್ದರು. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ನನ್ನ ಬಣ್ಣ ಬೆಳ್ಳಗೆ ಮಾಡಿ, ಕಣ್ಣು ಉದ್ದ ಮಾಡಿ, ಹಿಂದೆ ಹಿಮದ ಗುಡ್ಡ ನಿಲ್ಲಿಸಿದರು. ಅದೇ ಚಿತ್ರ ಮುಂಡಗೋಡದ ಕಾರ್ಯಕ್ರಮಕ್ಕೆ ಪೋಸ್ಟರೂ ಆಯಿತು. ಬಾಗಿಲಲ್ಲಿದ್ದವರು ನನ್ನನ್ನೇ ತಡೆದರು.

"ಸ್ವಲ್ಪ ಸರೀರಿ ಅಕ್ಕಾರ, ಹಾಡವ್ರು ಬರೂ ಹೊತ್ತಾತು."

ಪೋಸ್ಟರು ನೋಡಿದೆ. ಒಂದು ಗಳಿಗೆ ನಾನೂ ದಾರಿಯ ಕಡೆ ತಿರುಗಿ ಅವಳಿಗಾಗಿ ಕಾದೆ. ಅಂದು ವೇದಿಕೆಯ ಮೇಲೆ ನನ್ನ ದನಿ ದೂರದ ಯಾರದೋ ದನಿಯಂತೆ ನನಗೇ ಕೇಳಿಸುತ್ತಿತ್ತು. ಆಮೇಲೆ ಬಹಳ ವರ್ಷ ಹೊಸ ಹಾಡು ಬರೆಯಲಿಲ್ಲ.

ಕಳೆದ ವರ್ಷ ಮತ್ತೆ ಆರು ಹಾಡು ಹುಟ್ಟಿದವು. "ಈಗ ಚಿತ್ರ ಫೋನಿನಾಗ ಉಗುರಿನಷ್ಟ ಕಾಣ್ತೈತಿ ಅವ್ವಾ, ಏನರ ಸಾದಾ ಹಾಕು" ಎಂದಳು ಮಗಳು. ಚಾಚಾ ಗಣೇಶಗುಡಿಯಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ಹುಡುಕಿಕೊಂಡು ಹೋದೆ.

"ಕೈ ನಡಗತೈತಿ ಬೇಟಿ. ಗೆರಿ ಸೀದಾ ಬರಂಗಿಲ್ಲ."

"ಸೊಟ್ಟ ಬಂದ್ರೂ ನಡೀತೈತಿ, ಚಾಚಾ."

ನಾನು ಹಾಡಿದೆ. ಅವರು ಕಾಗದ ನೆನೆಸಿ, ನೀಲಿ ಬಿಟ್ಟು, ಅದು ಹರಿಯುವುದನ್ನೇ ನೋಡುತ್ತ ಕೂತರು. ಹಸಿರು ಒಂದು ಹನಿ ಹಾಕಿದರು. ನನಗೆ ಹಾಡು ಮುಗಿದದ್ದೂ ತಿಳಿಯಲಿಲ್ಲ.

"ಏನಿದು, ಚಾಚಾ?"

"ನೀ ಹಾಡೂವಾಗ ಕಂಡದ್ದು. ಏನಂತ ನನಗೂ ಗೊತ್ತಿಲ್ಲ."

ಅದನ್ನೇ ಹಾಕಿದೆವು. ಕೆಲ ದಿನಗಳ ಮೇಲೆ ಜೋಯಿಡಾದ ಮದುವೆಯೊಂದರಲ್ಲಿ, ಸೂಪಾ ಅಣೆಕಟ್ಟಿನ ನೀರಲ್ಲಿ ಊರು ಕಳೆದುಕೊಂಡ ಅಜ್ಜಿಯೊಬ್ಬರು ಮೊಮ್ಮಗಳ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಮ್ಮೂರು. ನೀರಿನ ಬುಡಕ ಹಿಂಗ ಇರಬೇಕು."

ಚಾಚಾಗೆ ಫೋನು ಮಾಡಿ ಹೇಳಿದೆ. ಅವರು ಮೆಲ್ಲಗೆ, "ಆ ಚಿತ್ರದಾಗ ಅವರ ಮನಿ ಯಾವ ಬಾಜೂಕ ಇತ್ತಂತ ಕೇಳಿದೇನು?" ಎಂದರು.

ಕೇಳಿರಲಿಲ್ಲ. ಮರುದಿನ ಜೋಯಿಡಾದ ಬಸ್ಸು ಹತ್ತಿದೆ.